ನಿತ್ಯಾನಂದನ ರಾಕ್ಷಸಗಣ

ಹಳದೀಪುರದ ನಮ್ಮ ಕೇರಿಯಲ್ಲಿ ಏಣಿ ಬೇಕಾದರೂ ಮಿಕ್ಸರ್ ಬೇಕಾದರೂ ಸ್ಕೂಟರ್ ಬೇಕಾದರೂ ಜನ ನೇರ ಹೋಗುವುದು ನಿತ್ಯಾನಂದನ ಮನೆಗೆ. ಸೊಸೈಟಿಯ ಗುಮಾಸ್ತನಾದ ಆತನಿಗೆ ‘ಇಲ್ಲ’ ಎಂದು ಹೇಳಲು ಬಾಯಿಯೇ ಬರುತ್ತಿರಲಿಲ್ಲ. ‘ದೇವರಂಥ ಮನುಷ್ಯ’ ಎಂದು ಹೊಗಳಿ ಸಾಮಾನು ಹೊತ್ತುಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಆ ಭಾನುವಾರ ಅವನ ಹುಟ್ಟಿದ ದಿನ. ಹೆಂಡತಿ ಮಾಲತಿಯನ್ನು ಸ್ಕೂಟರಿನಲ್ಲಿ ಮುರ್ಡೇಶ್ವರಕ್ಕೆ ಕರೆದೊಯ್ದು, ಸಮುದ್ರ ಕಾಣುವ ಹೋಟೆಲಿನಲ್ಲಿ ಮೀನೂಟ ಹಾಕಿಸುತ್ತೇನೆಂದು ಮದುವೆಯಾದಾಗ ಕೊಟ್ಟ ಮಾತು ಇನ್ನೂ ಹಾಗೇ ಉಳಿದಿತ್ತು.

“ಇವತ್ತೂ ಸ್ಕೂಟರು ಯಾರಿಗಾದ್ರೂ ಕೊಟ್ರೆ ನಾ ಕಾಯ್ಕಿಣಿಗೆ ಅಪ್ಪನ ಮನೆಗೆ ಹೋಗ್ತೆ. ಕರೆಯೂಕೂ ಬರೂದು ಬೇಡ,” ಎಂದು ಮಾಲತಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

ಎಡವಟ್ಟು ಶುರುವಾದದ್ದು ತಾಯಿ ಹೊನ್ನಮ್ಮನಿಂದ. ಮಗನ ಹೆಸರಲ್ಲಿ ಪೂಜೆ ಮಾಡಿಸಲು ತ್ರ್ಯಂಬಕ ಭಟ್ಟರನ್ನು ಕರೆಸಿ, “ಸ್ವಾತಿ ನಕ್ಷತ್ರ, ದೇವಗಣ,” ಎಂದಳು. ಭಟ್ಟರು ಹುಟ್ಟಿದ ಹೊತ್ತು ಕೇಳಿದರು.

“ಹಾಲು ಕರೆದಾಗಿತ್ತು. ಬಿಸಿಲು ಅಂಗಳಕ್ಕೆ ಬಂದಿತ್ತು.”

ಭಟ್ಟರು ಮೊಬೈಲಿನಲ್ಲಿ ಪಂಚಾಂಗ ತೆಗೆದು, ಕನ್ನಡಕ ಏರಿಸಿ ನೋಡಿದರು. “ಹೊನ್ನಮ್ಮ, ಆ ಹೊತ್ತಿಗೆ ಸ್ವಾತಿ ಇಲ್ಲೆ. ವಿಶಾಖ ಇದ್ದು. ನಿನ್ನ ಮಗಂದು ರಾಕ್ಷಸಗಣ.”

ಸ್ಕೂಟರಿನ ಕೀಲಿ ಕೇಳಲು ಬಂದಿದ್ದ ಪಕ್ಕದ ಮನೆಯ ಮಾಬ್ಲ ಇದನ್ನು ಕೇಳಿ ಮೆಟ್ಟಿಲ ಮೇಲೆಯೇ ನಿಂತ. “ನಿತ್ಯಣ್ಣ, ಮುರ್ಡೇಶ್ವರದಲ್ಲಿ ಭಾವನ ಮನೇಲಿ ಊಟ ಇತ್ತು. ಸ್ಕೂಟರು…”

ಬಾಗಿಲ ಹಿಂದೆ ಮಾಲತಿಯ ಬಳೆ ಸದ್ದಾಯಿತು. ನಿತ್ಯಾನಂದ ಬೆವತು, ಕಣ್ಣು ಮುಚ್ಚಿ, “ಕೊಡುದಿಲ್ಲ,” ಎಂದ.

ಹುಟ್ಟಿದಾಗಿನಿಂದ ಅವನ ಬಾಯಿಂದ ಬಂದ ಮೊದಲ ‘ಇಲ್ಲ’ ಅದು. ಆಡಿದವನೇ ಬೆದರಿದ, ಕೇಳಿದವನು ಇನ್ನೂ ಬೆದರಿದ. “ಆತು ಆತು, ಸಿಟ್ಟು ಮಾಡ್ಬೇಡ ಮಾರಾಯ,” ಎನ್ನುತ್ತ ಮಾಬ್ಲ ಹಿಮ್ಮುಖವಾಗಿಯೇ ನಡೆದು, ರಸ್ತೆಯಲ್ಲಿದ್ದ ಹೊಂಡಕ್ಕೆ ಬಿದ್ದು, ಎದ್ದು ಓಡಿದ. ಕುಮಟೆಯ ಕಂತ್ರಾಟುದಾರನೊಬ್ಬ ಆ ಹೊಂಡ ಅಗೆದು ಹೋದವನು ಮಳೆಗಾಲ ಕಳೆದರೂ ಮುಖ ತೋರಿಸಿರಲಿಲ್ಲ.

ನಿತ್ಯಾನಂದನದು ರಾಕ್ಷಸಗಣ ಎಂಬ ಸುದ್ದಿ ಮೂಲೆಯ ಲಿಂಗಪ್ಪನ ಅಂಗಡಿ ತಲುಪುವಷ್ಟರಲ್ಲಿ, ಅವನು ಮಾಬ್ಲನನ್ನು ಎತ್ತಿ ಹೊಂಡಕ್ಕೆ ಒಗೆದ ಎಂದಾಗಿತ್ತು.

“ಇಷ್ಟು ವರ್ಷದ ಸಿಟ್ಟು ಒಳಗೇ ಕೂಡಿಟ್ಟಿದ್ದಾನೆ ಕಾಣಿ,” ಎಂದ ಲಿಂಗಪ್ಪ. “ಒಟ್ಟಿಗೇ ಹೊರಗೆ ಬಂದ್ರೆ ಕೇರಿ ಉಳೀತದಾ?”

ಸ್ವಲ್ಪ ಹೊತ್ತಿಗೆ ಅದೇ ಲಿಂಗಪ್ಪ ಏಣಿ ಹೊತ್ತು ಬಂದ. ಮನೆಯ ಬಣ್ಣಕ್ಕೆಂದು ಒಯ್ದ ಏಣಿ. ಆ ಬಣ್ಣ ಈಗ ಉದುರುತ್ತಿತ್ತು. ನಿತ್ಯಾನಂದ ಗಂಟಲು ಕೆರೆಯಿತೆಂದು ಕೆಮ್ಮಿದ. ಲಿಂಗಪ್ಪ ಹೌಹಾರಿ, ಓಡಿಹೋಗಿ ಬಾಳೆಗೊನೆಯೊಂದನ್ನು ತಂದು ಏಣಿಯ ಪಕ್ಕದಲ್ಲಿಟ್ಟ. ಹಿಂದೆಯೇ ಎದುರುಮನೆಯ ಸಣ್ಣಕ್ಕ ಮಿಕ್ಸರ್ ಎದೆಗವಚಿಕೊಂಡು ಬಂದಳು.

“ಜಾರು ಒಂಚೂರು ಒಡ್ದದೆ ತಮ್ಮಾ. ಬೈಬೇಡ.”

ಬೈಯುವುದು ಹೇಗೆಂದು ಅವನಿಗೆ ಗೊತ್ತಿದ್ದರಲ್ಲವೇ? ಸುಮ್ಮನೆ ಹುಬ್ಬು ಗಂಟಿಕ್ಕಿದ. ಸಣ್ಣಕ್ಕ ಹೊಸ ಜಾರಿನ ಮಾತು ಕೊಟ್ಟು ಹೋದಳು. ಕೊಡೆ, ಹಾರೆ, ಕಡಾಯಿ ಎಲ್ಲ ಒಂದೊಂದಾಗಿ ಮನೆಗೆ ಮರಳಿದವು. ನಿತ್ಯಾನಂದನ ಎದೆ ಉಬ್ಬಿತು. ಇಲ್ಲದ ಮೀಸೆ ತಿರುವುತ್ತ ಜಗುಲಿಯಲ್ಲಿ ಠಳಾಯಿಸಿದ. ಇಷ್ಟು ಖುಷಿ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

“ಗಂಡ ಅಂದ್ರೆ ಹೀಗಿರಬೇಕು,” ಎಂದು ಮಾಲತಿ ಸೀರೆಯುಟ್ಟು, ಸ್ಕೂಟರಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೂ ಕೇಳಲು ಸಣ್ಣಕ್ಕನ ಮನೆಗೆ ಹೋದಳು. ಬೀಗುತ್ತ ಹೋಗಿ, ಇನ್ನೂ ಬೀಗುತ್ತ ಬಂದಳು. ಅವಳ ಹಿಂದೆ ಇಡೀ ಕೇರಿ, ಕೇರಿಯ ಹಿಂದೆ ಒಂದು ಬಾಡಿಗೆ ಟೆಂಪೋ.

ಲಿಂಗಪ್ಪ ಕೈಮುಗಿದ. “ಕಂತ್ರಾಟುದಾರ ಕುಮಟೆ ಮನೇಲಿದ್ದಾನಂತೆ, ನಿತ್ಯಾನಂದ. ಒಳ್ಳೆ ಮಾತಲ್ಲಿ ಎಷ್ಟು ಸಲ ಹೇಳಿದ್ರೂ ಹೊಂಡ ಮುಚ್ಚಲಿಲ್ಲ. ಅವಂಗೆ ನಿನ್ನಂಥ ರಾಕ್ಷಸನೇ ಆಗ್ಬೇಕು. ಎದುರಿಗೆ ನಿಂತು ಒಂದು ಸಲ ಕೆಮ್ಮು, ಸಾಕು.”

“ನಂಗೆ ಮುರ್ಡೇಶ್ವರಕ್ಕೆ…” ನಿತ್ಯಾನಂದ ಹೆಂಡತಿಯ ಮುಖ ನೋಡಿದ.

“ಮುರ್ಡೇಶ್ವರ ಎಂತ ಓಡಿ ಹೋಗ್ತದಾ?” ಎಂದಳು ಮಾಲತಿ. “ನನ್ನ ಗಂಡ ಬಂದೇ ಬರ್ತಾರೆ ಅಂತ ನಾನೇ ಮಾತು ಕೊಟ್ಟದ್ದು. ಇಡೀ ಕೇರಿಯಲ್ಲಿ ರಾಕ್ಷಸ ಅಂತ ಇರೂದು ನೀವೊಬ್ಬರೇ ಅಲ್ದಾ?”

ಅವನಿಗೆ ‘ಇಲ್ಲ’ ಎನ್ನಬೇಕೆನಿಸಿತು. ಬೆಳಿಗ್ಗೆ ಒಮ್ಮೆ ಬಂದ ಆ ಮಾತು ಈಗ ಎಷ್ಟು ತಡಕಿದರೂ ಸಿಗಲಿಲ್ಲ. ಜನ ಜೈಕಾರ ಹಾಕಿ ಅವನನ್ನು ಎತ್ತಿ, ಟೆಂಪೋದಲ್ಲಿ ಡ್ರೈವರನ ಪಕ್ಕ ಕೂರಿಸಿದರು.

ಆಗ ಮಾಬ್ಲ ಮೆಲ್ಲಗೆ ಮಾಲತಿಯ ಹತ್ತಿರ ಬಂದ. “ಅತ್ತಿಗೆ, ಹಂಗಾರೆ ಸ್ಕೂಟರು ಇವತ್ತು ಖಾಲಿ ಅಲ್ದಾ?”

ಗೆದ್ದ ಉಮೇದಿನಲ್ಲಿದ್ದ ಮಾಲತಿ ಸೊಂಟದಿಂದ ಕೀಲಿ ತೆಗೆದು ಅವನ ಕೈಗಿಟ್ಟಳು.

ಹೆದ್ದಾರಿ ಬಂದಾಗ ಟೆಂಪೋ ಕುಮಟೆಯ ಕಡೆ ತಿರುಗಿತು, ಸ್ಕೂಟರು ಮುರ್ಡೇಶ್ವರದ ಕಡೆ. ನಿತ್ಯಾನಂದ ಕಿಟಕಿಯಿಂದ ಕತ್ತು ಚಾಚಿ ಅದು ಮರೆಯಾಗುವ ತನಕ ನೋಡಿದ. ಕಣ್ಣು ಕೆಂಪಾಯಿತು, ಹಲ್ಲು ತಾನಾಗಿ ಕಟಕಟ ಎಂದಿತು.

“ಹಲ್ಲು ಕಡಿಯೂಕೆ ಶುರು ಮಾಡಿದ ಕಾಣಿ,” ಎಂದ ಲಿಂಗಪ್ಪ ಹಿಂದಿನಿಂದ, ಖುಷಿಯಲ್ಲಿ. “ಭಟ್ರು ಹೇಳಿದ್ದು ಸುಳ್ಳಲ್ಲ.”