ನಾಲ್ವರು ಅಕ್ಕತಂಗಿಯರು, ಒಂದು ಐವತ್ತರ ಲೆನ್ಸು

ರಾಣೆಬೆನ್ನೂರಿನಲ್ಲಿ ಲೆನ್ಸುಗಳ ಬಗ್ಗೆ ನನ್ನಷ್ಟು ಓದಿಕೊಂಡವರು ಇನ್ನೊಬ್ಬರಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಈಗಲೂ ನಂಬಿದ್ದೇನೆ. ಓದಿದ್ದು ಉಪಯೋಗಕ್ಕೆ ಬರಲಿಲ್ಲ, ಅಷ್ಟೇ!

ನಾನೊಂದು ಬೀಜದ ಕಂಪನಿಯಲ್ಲಿದ್ದೇನೆ. ಟೊಮ್ಯಾಟೊ, ಬದನೆ, ಬೆಂಡೆಗಳ ಫೋಟೋ ತೆಗೆಯುವುದೂ ನನ್ನ ಕೆಲಸದ ಒಂದು ಭಾಗ. ಬದನೆಕಾಯಿ ಕಣ್ಣು ಮುಚ್ಚುವುದಿಲ್ಲ, ಅತ್ತಿತ್ತ ನೋಡುವುದಿಲ್ಲ, ‘ನಂದು ಛಲೋ ಬಂದಿಲ್ಲ, ಅಳಸು’ ಎನ್ನುವುದಿಲ್ಲ. ಹೀಗಾಗಿ ಒಳ್ಳೆಯ ಫೋಟೋಗ್ರಾಫರ್ ಎಂಬ ಹೆಸರು ನನಗೆ ಸುಲಭವಾಗಿ ಬಂತು.

ಆ ಹೆಸರು ಬ್ಯಾಡಗಿಯಲ್ಲಿರುವ ನನ್ನ ಅತ್ತೆಯವರೆಗೂ ಹೋಯಿತು. ಅತ್ತೆಯವರು ನಾಲ್ವರು ಅಕ್ಕತಂಗಿಯರು. ಗುತ್ತಲದ ದೊಡ್ಡವ್ವ ಎಲ್ಲರಿಗಿಂತ ಹಿರಿಯರು. ನಂತರ ನಮ್ಮ ಅತ್ತೆ. ಆಮೇಲೆ ಹಾವೇರಿ ಚಿಕ್ಕವ್ವ ಮತ್ತು ಕಾಗಿನೆಲೆ ಚಿಕ್ಕವ್ವ. ನಾಲ್ವರೂ ಒಟ್ಟಿಗಿರುವ ಒಂದೇ ಒಂದು ಫೋಟೋ ಇಲ್ಲ. ಯಾವ ಮದುವೆಯಲ್ಲಿ ನೋಡಿದರೂ ಒಬ್ಬರು ಬಂದಿರುವುದಿಲ್ಲ, ಇಲ್ಲವೇ ಬಂದವರು ಫೋಟೋ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಾರೆ. ಮೊಣಕಾಲು ನೋವು ಶುರುವಾದ ಮೇಲಂತೂ ದೊಡ್ಡವ್ವ ಗುತ್ತಲ ಬಿಟ್ಟು ಹೊರಡುವುದೇ ಅಪರೂಪ. ಅವರು ಒಂದು ಭಾನುವಾರ ಬ್ಯಾಡಗಿಗೆ ಬರಲು ಒಪ್ಪಿದ್ದೇ ತಡ, ಅತ್ತೆ ನನಗೆ ಫೋನು ಮಾಡಿದರು.

“ಈ ಸಲ ತಪ್ಪಿಸಬ್ಯಾಡ್ರಿ. ನಾವು ನಾಲ್ಕೂ ಮಂದಿದು ಒಂದ ಒಂದು ಫೋಟೋ ಬೇಕ್ರಿ. ಅಕ್ಕ ಮತ್ತ ಯಾವಾಗ ಬರ್ತಾಳೋ ಯಾರಿಗ್ಗೊತ್ತು.”

ಆ ದನಿ ಕೇಳಿ ಪ್ರಾಣ ಹೋದರೂ ಫೋಟೋ ತೆಗೆಯುತ್ತೇನೆಂದು ಮನಸ್ಸಿನಲ್ಲೇ ಮಾತು ಕೊಟ್ಟೆ.

ಅತ್ತೆಯ ಮನೆಯೊಳಗೆ ಬೆಳಕು ಕಡಿಮೆ. ಫ್ಲಾಶ್ ಹಾಕಿದರೆ ಅತ್ತೆ ಕಣ್ಣು ಮುಚ್ಚುತ್ತಾರೆ. ನನ್ನ ಮಿರರ್‌ಲೆಸ್ ಕ್ಯಾಮೆರಾದ ಜೊತೆ ಬಂದ ಝೂಮ್ ಲೆನ್ಸಿಗೆ ಕತ್ತಲಾದರೆ ಏನೂ ಕಾಣುವುದಿಲ್ಲ. ಆದಕಾರಣ ಒಂದು ಪ್ರೈಮ್ ಲೆನ್ಸು ಖರೀದಿಸತಕ್ಕದ್ದು ಎಂದು ಠರಾವು ಪಾಸು ಮಾಡಿದೆ. ಪ್ರೈಮ್ ಎಂದರೆ ಝೂಮ್ ಆಗದ ಲೆನ್ಸು. ಚಿಕ್ಕದು, ಹಗುರ, ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತದೆ.

ಹಾವೇರಿಯ ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಇಪ್ಪತ್ತೆಂಟು ಮಿಲಿಮೀಟರಿನದು, ಇನ್ನೊಂದು ಐವತ್ತರದು. ಇಪ್ಪತ್ತೆಂಟು ಅಗಲವಾಗಿ ನೋಡುತ್ತದೆ, ಐವತ್ತು ಹತ್ತಿರಕ್ಕೆ ಎಳೆದು ಸ್ವಲ್ಪವೇ ತೋರಿಸುತ್ತದೆ. ಇದೆಲ್ಲ ನನಗೆ ಗೊತ್ತಿತ್ತು! ಆದರೆ ಐವತ್ತರದು ಅಗ್ಗ. ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟದು ಬೇರೆ.

“ಇದರಾಗ ಎಲ್ಲಾರೂ ಹಿಡೀತಾರನ್ರಿ?” ಎಂದು ನನ್ನ ಹೆಂಡತಿ ಗಿರಿಜಾ ಕೇಳಿದಳು.

“ಹಿಡೀದಿದ್ರ ಹಿಂದ ಸರೀತೇನಿ. ದೇವರು ಕಾಲು ಯಾಕ ಕೊಟ್ಟಾನ? ನನ್ನ ಕಾಲ ನನ್ನ ಝೂಮ್!”

ಮರುದಿನ ಕಂಪನಿಯ ಹೊಲದಲ್ಲಿ ಪರೀಕ್ಷೆ ನಡೆಯಿತು. ಟೊಮ್ಯಾಟೊ ಮಡಿ ಪೂರ್ತಿ ಹಿಡಿಸಲಿಲ್ಲ. ನಾಲ್ಕು ಸಾಲು ಹಿಂದೆ ಸರಿದೆ, ಹಿಡಿಸಿತು. ಇನ್ನೂ ಸರಿದೆ, ಬೇಲಿಯೂ ಬಂತು. ಲೆನ್ಸು ಪಾಸು! ಹೊಲಕ್ಕೆ ಗೋಡೆ ಇರುವುದಿಲ್ಲ ಎಂಬ ಸಣ್ಣ ಸಂಗತಿ ಮಾತ್ರ ನನ್ನ ತಲೆಗೆ ಬರಲಿಲ್ಲ.

ಭಾನುವಾರ ಊಟವಾದ ಮೇಲೆ ನಾಲ್ವರೂ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಪಡಸಾಲೆಯಲ್ಲಿ ಬಾಗಿಲಿನ ಕಡೆ ಮುಖ ಮಾಡಿ ಕುಳಿತರು. ನಾನು ಕ್ಯಾಮೆರಾ ತೆಗೆದೆ.

ದೊಡ್ಡವ್ವ ಕನ್ನಡಕ ಸರಿಸಿ ನೋಡಿದರು. “ಮುಚ್ಚಳಷ್ಟ ಐತೆಲ್ಲ, ಲೆನ್ಸ್ ಎಲ್ಲೈತ್ರಿ?”

“ಇದ ಲೆನ್ಸ್ರಿ ದೊಡ್ಡವ್ವಾ.”

“ಹೌದಾ? ಇರಲಿ ಬಿಡ್ರಿ, ದೊಡ್ಡದು ಮುಂದ ತಗೊಂಡ್ರಾತು.”

ಕಣ್ಣಿಟ್ಟು ನೋಡಿದೆ. ಇಬ್ಬರು ಕಂಡರು! ಹಿಂದೆ ಸರಿದೆ. ಇಬ್ಬರು ಮತ್ತು ಹಾವೇರಿ ಚಿಕ್ಕವ್ವನ ಅರ್ಧ ಮುಖ. ಇನ್ನೂ ಸರಿದೆ. ಬೆನ್ನಿಗೆ ಗೋಡೆ ಬಡಿಯಿತು.

“ಅವ್ವಾ, ಸ್ವಲ್ಪ ಒತ್ತಿ ಕುಂದರ್ರಿ,” ಎಂದೆ.

“ಇನ್ನ ಒತ್ತಿದ್ರ ಒಬ್ಬರ ತೊಡಿಮ್ಯಾಲ ಒಬ್ಬರು ಕುಂದರಬೇಕಾಗ್ತೈತಿ!” ಎಂದರು ಕಾಗಿನೆಲೆ ಚಿಕ್ಕವ್ವ. ಅವರಿಗೆ ಬಸ್ಸಿನ ಹೊತ್ತಾಗಿತ್ತು.

ಹೊಸ್ತಿಲ ಹೊರಗೆ ಹೋದೆ. ಮೂವರು. ಮೆಟ್ಟಿಲು ಇಳಿದೆ. ಮೂವರು ಮತ್ತು ದೊಡ್ಡವ್ವನ ಒಂದು ಬಳೆಗೈ. ರಸ್ತೆಗೆ ಬಂದೆ. ನಾಲ್ವರೂ ಬರಬೇಕು ಎನ್ನುವಷ್ಟರಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ನನ್ನ ಮತ್ತು ಅವರ ನಡುವೆ ಬಂದು ನಿಂತು, ಸಾವಕಾಶ ಮುಂದೆ ಹೋಯಿತು. ಅದರ ಘಾಟಿಗೆ ನನಗೆ ಸೀನು ಶುರುವಾಯಿತು. ಸೀನಿದಾಗಲೆಲ್ಲ ಕ್ಯಾಮೆರಾದ ಬಟನ್ ಒತ್ತಿಹೋಗುತ್ತಿತ್ತು. ಆಕಾಶ, ಗಟಾರು, ನನ್ನ ಚಪ್ಪಲಿ, ಎಲ್ಲವೂ ಅತ್ಯಂತ ಸ್ಪಷ್ಟವಾಗಿ ಬಂದವು. ಲೆನ್ಸಿನ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ.

ಕೊನೆಗೆ ಎದುರುಗಡೆಯ ಕಿರಾಣಿ ಅಂಗಡಿಯ ಕಟ್ಟೆ ಹತ್ತಿದೆ.

“ಏನ್ ಕೊಡ್ಲಿರಿ?” ಎಂದ ಅಂಗಡಿಯವನು.

“ಒಂದೀಟು ಜಾಗಾ ಕೊಡ್ರಿ.”

ಬೆಲ್ಲದ ಪೆಂಟೆಯನ್ನು ಪಕ್ಕಕ್ಕೆ ಸರಿಸಿ ಕೊಟ್ಟ. ಅಲ್ಲಿಂದ ನಾಲ್ವರೂ ಕಂಡರು! ದೊಡ್ಡವ್ವ ಮಾತ್ರ ಬಾಗಿಲ ಚೌಕಟ್ಟಿಗೆ ಅರ್ಧ ಮರೆಯಾಗಿದ್ದರು. ಈ ಕಡೆ ಸರಿಯಲಿ ಎಂದು ಜೋರಾಗಿ ಕೈ ಬೀಸಿದೆ. ಒಂದು ಆಟೋ ಬಂದು ನಿಂತಿತು.

“ಎಲ್ಲಿಗ್ರಿ?”

“ಎಲ್ಲಿಗೂ ಇಲ್ಲೋ ಮಾರಾಯಾ, ಮುಂದ ಹೋಗು!”

“ಮತ್ತ ಕೈ ಯಾಕ ಮಾಡಿದ್ರಿ?”

ಅವನ ಜೊತೆ ನನ್ನ ವಾದ ನಡೆದಿರುವಾಗಲೇ ಒಳಗಿನಿಂದ ಕಾಗಿನೆಲೆ ಚಿಕ್ಕವ್ವನ ದನಿ ಕೇಳಿಸಿತು. “ಛಲೋ ಆತು, ಅಳಿಯಂದಿರು ಆಟೋನೂ ಕರದ್ರು! ನಾ ಇನ್ನ ಹೊಂಡ್ತೇನಿ.”

ಫೋಟೋ ಹೋಯಿತು! ನಾನೇ ಕೈ ಬೀಸಿ ಕಳಿಸಿಕೊಟ್ಟೆ!

ಹೊರಡುವ ತಂಗಿಗೆ ಉಡಿ ತುಂಬದೆ ಕಳಿಸುವುದುಂಟೇ? ಅತ್ತೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ತಂದರು. ಚಿಕ್ಕವ್ವನನ್ನು ದೇವರ ಕೋಣೆಯ ಕಡೆ ಮುಖ ಮಾಡಿ ಕೂರಿಸಿದರು. ಉಡಿ ತುಂಬಿ, ಉಳಿದ ಮೂವರೂ ಅವರ ಸುತ್ತ ಸೇರಿ ಅದೇನೋ ಮಾತಾಡಿ ನಗತೊಡಗಿದರು. ನನ್ನ ಐವತ್ತರ ಲೆನ್ಸಿನಲ್ಲಿ ನಾಲ್ಕು ಬೆನ್ನುಗಳು ಅಚ್ಚುಕಟ್ಟಾಗಿ ಹಿಡಿಸಿದ್ದವು.

“ಇತ್ತ ತಿರುಗ್ರೀ! ಇತ್ತ!” ಎಂದು ಕಟ್ಟೆಯಿಂದ ಕೂಗಿದೆ. ಮನೆಯೊಳಗಿದ್ದವರನ್ನು ಬಿಟ್ಟು ಇಡೀ ರಸ್ತೆ ನನ್ನತ್ತ ತಿರುಗಿತು.

ಆ ಹೊತ್ತಿಗೆ ಗಿರಿಜಾ ದೇವರ ಕೋಣೆಯ ಬಾಗಿಲಲ್ಲಿ ನಿಂತು, “ಅವ್ವಾ, ಎಲ್ಲಾರೂ ನನ್ನ ನೋಡ್ರಿ,” ಎಂದು ಮೊಬೈಲಿನಲ್ಲಿ ಒಂದು ಕ್ಲಿಕ್ ಮಾಡಿದಳು. ಒಂದೇ ಕ್ಲಿಕ್! ನಾಲ್ವರೂ ಬಾಯ್ತುಂಬ ನಗುತ್ತಿದ್ದಾರೆ. ಇಷ್ಟು ಚೆಂದದ ಫೋಟೋ ನಾನು ತೆಗೆದಿದ್ದರೆ ಊರೆಲ್ಲ ತೋರಿಸಿಕೊಂಡು ಬರುತ್ತಿದ್ದೆ. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಆ ಫೋಟೋ ಪ್ರಿಂಟ್ ಮಾಡಿಸಿ ಕಟ್ಟು ಹಾಕಿಸಲು ಅತ್ತೆಯೊಂದಿಗೆ ಅಂಗಡಿಗೆ ಹೋದವನು ನಾನೇ. ಫೋಟೋದ ಅಂಚಿನಲ್ಲಿ ತೆರೆದ ಬಾಗಿಲು ಕಾಣುತ್ತದೆ, ಅದರಾಚೆ ರಸ್ತೆ. ಅಲ್ಲೊಬ್ಬ ಮನುಷ್ಯ ಬೆಲ್ಲದ ಪೆಂಟೆಯ ಪಕ್ಕ ನಿಂತು, ಬಾಯಿ ತೆರೆದು, ಎರಡೂ ಕೈ ಮೇಲೆತ್ತಿದ್ದಾನೆ. ಕಟ್ಟು ಹಾಕುವವನು ಅವನ ಮೇಲೆ ಬೆರಳಿಟ್ಟು, “ಇವನ ಕಡಿಂದ ಕತ್ತರಿಸಿ ಬಿಡ್ಲೇನ್ರಿ?” ಎಂದ.

ಅತ್ತೆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸ್ವಲ್ಪ ಭಾವುಕನಾದೆ.

“ಬ್ಯಾಡ್ರಿ,” ಎಂದರು. “ಅವರನ್ನ ಕತ್ತರಿಸಿದ್ರ ನಮ್ಮಕ್ಕನ ಭುಜಾ ಹೋಗ್ತೈತಿ. ಇರ್ಲಿ ಬಿಡ್ರಿ.”