ಎಡಗಡೆ ಇಟ್ಟ ಮರಳುಗಡಿಯಾರ

ಗಡಿಯಾರದವನು: ಸರಿ, ನೀನೇ ಹೇಳಪ್ಪ ವಿಜ್ಞಾನಿ. ಮೇಜಿನ ಅಂಚಲ್ಲಿ ಇಟ್ಟೋನು ನೀನು. ತಾಗಿದ್ದು ನನ್ನ ಮೊಣಕೈ. ಕೆಳಗೆ ಎಳ್ಕೊಂಡಿದ್ದು ಭೂಮಿ. ಈ ಮೂವರಲ್ಲಿ ದಂಡ ಕಟ್ಟೋರು ಯಾರು?

ಹದಿನೆಂಟು ವರ್ಷಗಳಿಂದ ಶಾಲೆಯಲ್ಲಿ ಗುರುತ್ವಾಕರ್ಷಣೆಯ ಪಾಠ ಮಾಡುತ್ತ ಬಂದವನು ನಾನು. ಮೇಜಿನಿಂದ ಜಾರಿದ ವಸ್ತು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ ಎಂದು ಲೆಕ್ಕ ಹಾಕಲು ಬರುತ್ತಿತ್ತೇ ಹೊರತು, ಮುಟ್ಟಿದ ಮೇಲೆ ಅದರ ಹೊಣೆ ಯಾರದೆಂದು ಹೇಳುವ ಸೂತ್ರ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ನೆಲದ ಮೇಲೆ ಗಾಜಿನ ಚೂರುಗಳ ನಡುವೆ ಒಂದು ಹಿಡಿ ಬಿಳಿ ಮರಳು ಹರಡಿತ್ತು. ಐದು ನಿಮಿಷದ ಹಿಂದೆ ಅದು ಮರಳುಗಡಿಯಾರವಾಗಿತ್ತು. ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ನಿವೃತ್ತರಾದ ದಿನ ನನ್ನ ಕೈಗಿಟ್ಟದ್ದು.

ಒಡೆದವನು ನಮ್ಮ ಬೀದಿಯ ತಿರುವಿನಲ್ಲಿ ಕೈಗಡಿಯಾರ ರಿಪೇರಿ ಮಾಡುವವನು. ಪ್ರತಿ ಭಾನುವಾರ ಮಧ್ಯಾಹ್ನ ಚದುರಂಗವಾಡಲು ನಮ್ಮ ಮನೆಗೆ ಬರುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು. ಆದರೆ ಚದುರಂಗದ ಮಣೆಯ ಮುಂದೆ ಬಹುವಚನ ಹೆಚ್ಚು ದಿನ ಬಾಳುವುದಿಲ್ಲ. ಒಂದೊಂದು ನಡೆಗೂ ಅವನು ಯುಗಗಟ್ಟಲೆ ಯೋಚಿಸುತ್ತಿದ್ದುದರಿಂದ, ಮೂರು ನಿಮಿಷದ ಆ ಮರಳನ್ನು ಅವನ ಪಕ್ಕದಲ್ಲೇ ಕಾವಲಿಗಿಟ್ಟಿದ್ದೆ.

ನಾನು: ಭೂಮಿಯನ್ನ ಯಾಕೆ ಮಧ್ಯಕ್ಕೆ ತರ್ತೀಯ? ಅದರ ಕೆಲಸ ಅದು ಮಾಡ್ತು.

ಗಡಿಯಾರದವನು: ನನ್ನ ಕೈಯೂ ಅದರ ಕೆಲಸ ಅದು ಮಾಡ್ತು. ಕುದುರೆ ನಡೆಸೋಕೆ ಹೋಯ್ತು.

ನಾನು: ಕುದುರೆ ಹಿಡಿದದ್ದು ಬಲಗೈ. ಒಡೆದದ್ದು ಎಡಗೈ.

ಗಡಿಯಾರದವನು: ಬಲಗೈ ಆಡ್ತಾ ಇದ್ರೆ ಎಡಗೈ ಸುಮ್ನೆ ಕೂತಿರುತ್ತಾ? ಅದೂ ಆಟ ನೋಡೋಕೆ ಬಂತು.

ನನ್ನ ಹೆಂಡತಿ ಪೊರಕೆ, ಮೊರ ಹಿಡಿದು ಬಂದಳು.

ಹೆಂಡತಿ: ಇಬ್ರೂ ಕಾಲು ಮೇಲೆತ್ತಿ. ಗಾಜು ಚುಚ್ಚಿದ್ರೆ ಆಸ್ಪತ್ರೆ ಖರ್ಚು ಯಾರದು ಅಂತ ಇನ್ನೊಂದು ಜಗಳ ಶುರುವಾಗುತ್ತೆ.

ಪ್ರವಾಹದಲ್ಲಿ ಮರವೇರಿದವರಂತೆ ಇಬ್ಬರೂ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತೆವು.

ಗಡಿಯಾರದವನು: ತಂಗೀ, ನೀನೇ ನ್ಯಾಯ ಹೇಳಮ್ಮ. ಇವನ ಹತ್ರ ನ್ಯಾಯ ಸಿಗಲ್ಲ, ಬರೀ ಸೂತ್ರ ಸಿಗುತ್ತೆ.

ಹೆಂಡತಿ: ನಾನೇನು ಹೇಳ್ಲಿ ಅಣ್ಣಾ? ಬಿಸ್ಕತ್ತಿನ ತಟ್ಟೆಗೆ ಜಾಗ ಇಲ್ಲ ಅಂತ ಅದನ್ನ ಅಂಚಿಗೆ ಸರಿಸಿದ್ದೇ ನಾನು.

ಗಡಿಯಾರದವನು: ಆಹಾ! ಇನ್ನೊಬ್ರು ಆರೋಪಿ ಸಿಕ್ಕಿದ್ರು!

ನಾನು: ಬಿಸ್ಕತ್ತು ತಿಂದೋನು ಯಾರು?

ಗಡಿಯಾರದವನು: ತಿನ್ನು ತಿನ್ನು ಅಂತ ಒತ್ತಾಯ ಮಾಡಿದೋನು ಯಾರು?

ಹೆಂಡತಿ: ಮಾಡಿ ಮಾರಿದೋನು ಬೇಕರಿಯವನು. ಅವನನ್ನೂ ಕರೆಸ್ಲಾ?

ಚೂರುಗಳು ಮೊರ ಸೇರಿದವು. ಗೂಡಿನಂತಿದ್ದ ಮರದ ಚೌಕಟ್ಟನ್ನು ಮಾತ್ರ ನಾನು ಎತ್ತಿ ಮೇಜಿನ ಮೇಲಿಟ್ಟುಕೊಂಡೆ. ಒಳಗೆ ಏನೂ ಇರಲಿಲ್ಲ.

ನಾನು: ಮೇಷ್ಟ್ರು ಕೊಟ್ಟಿದ್ದು ಕಣೋ ಇದು.

ಗಡಿಯಾರದವನು: ಗೊತ್ತು ಕಣಯ್ಯ. ಅದಕ್ಕೇ ಹೇಳ್ತಿರೋದು, ಬೇರೆ ತಂದುಕೊಡ್ತೀನಿ ಅಂತ.

ನಾನು: ಸ್ನೇಹಿತನ ಹತ್ರ ದಂಡ ಇಸ್ಕೊಂಡ್ರೆ ಚೆನ್ನಾಗಿರುತ್ತಾ?

ಗಡಿಯಾರದವನು: ಹಾಗಾದ್ರೆ ಬಿಟ್ಬಿಡು.

ನಾನು: ಬಿಡೋದು ಹೇಗೆ? ಒಡೆದಿದ್ದು ನೀನಲ್ವಾ?

ಗಡಿಯಾರದವನು: ಇಸ್ಕೊಳ್ಳೋದೂ ಇಲ್ಲ, ಬಿಡೋದೂ ಇಲ್ಲ. ಮತ್ತೆ ನನ್ನನ್ನ ಉಪ್ಪಿನಕಾಯಿ ಹಾಕ್ಕೋತೀಯಾ?

ನಾನು: ಊರ ಗಡಿಯಾರ ಎಲ್ಲ ರಿಪೇರಿ ಮಾಡ್ತೀಯ. ಇದನ್ನೂ ಮಾಡು.

ಗಡಿಯಾರದವನು: ಚಕ್ರ ಇದ್ಯಾ? ಸ್ಪ್ರಿಂಗ್ ಇದ್ಯಾ? ಮೂರು ನಿಮಿಷ ಓಡಿ ಸುಸ್ತಾಗಿ ಮಲಗಿಬಿಡುತ್ತೆ. ಇದನ್ನ ಗಡಿಯಾರ ಅಂತ ಒಳಗೆ ಸೇರಿಸ್ಕೊಂಡ್ರೆ ಅಂಗಡೀಲಿರೋ ಮಿಕ್ಕ ಗಡಿಯಾರಗಳೆಲ್ಲ ಮುಷ್ಕರ ಹೂಡ್ತವೆ.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಯಾವುದೇ ಘಟನೆಗೆ ಕಾರಣ ಹುಡುಕದೆ ನಿದ್ದೆ ಬರದ ಜಾತಿ ನನ್ನದು. ಮಣೆಯತ್ತ ಕಣ್ಣು ಹಾಯಿಸಿದೆ. ಅವನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ.

ನಾನು: ಒಂದು ವಿಷಯ ಗಮನಿಸಿದ್ಯಾ? ಅದು ಬೀಳೋ ಹೊತ್ತಿಗೆ ಮೇಲಿನ ಮರಳು ಮುಗೀತಾ ಬಂದಿತ್ತು. ನಿನಗೆ ನಡೆ ಹೊಳೆದಿರಲಿಲ್ಲ.

ಗಡಿಯಾರದವನು: ಅಂದ್ರೆ?

ನಾನು: ಏನಿಲ್ಲ. ಗಡಿಯಾರ ಒಡೆದ್ರೆ ಗಡುವೂ ಒಡೆಯುತ್ತೆ. ಬರೀ ಊಹೆ.

ಗಡಿಯಾರದವನು: ಬೇಕು ಅಂತಲೇ ಒಡೆದೆ ಅಂತೀಯಾ?

ನಾನು: ಅಂತ ಸಾಬೀತಾಗಿಲ್ಲ. ಅಲ್ಲ ಅಂತಲೂ ಸಾಬೀತಾಗಿಲ್ಲ.

ಅವನು ಕಾಲು ಕೆಳಗಿಳಿಸಿದ. ಚಪ್ಪಲಿ ಹುಡುಕತೊಡಗಿದ. ಬಲಗಾಲಿನದು ಬೇಗನೆ ಸಿಕ್ಕಿತು, ಎಡಗಾಲಿನದು ಸಿಗಲಿಲ್ಲ.

ಹೆಂಡತಿ: ಅಣ್ಣಾ, ಎಲ್ಲಿಗೆ ಹೊರಟ್ರಿ? ರೀ, ಏನು ಮಾತೂಂತ ಆಡ್ತೀರಿ ನೀವು? ನಾಲಿಗೆಗೆ ಮೂಳೆ ಇಲ್ಲ ಅಂತ ಹೇಗೆ ಬೇಕೋ ಹಾಗೆ ತಿರುಗಿಸೋದಾ?

ಗಡಿಯಾರದವನು: ಬಿಡಮ್ಮ. ಗಾಜು ಒಡೆದ್ರೆ ಗುಡಿಸಬಹುದು. ಮುಂದಿನ ಭಾನುವಾರದಿಂದ ಇವನು ಇವನ ಊಹೆ ಜೊತೇಲೇ ಆಡ್ಕೊಳ್ಳಲಿ.

ಏಳು ವರ್ಷಗಳ ಭಾನುವಾರಗಳು ಎದ್ದು ಚಪ್ಪಲಿ ಹುಡುಕುತ್ತಿದ್ದಂತೆ ಕಂಡಿತು.

ನಾನು: ಕೂತ್ಕೊಳೋ ಮಾರಾಯ. ತಪ್ಪಾಯ್ತು. ಊಹೆ ವಾಪಸ್ ತಗೊಂಡೆ. ಆದ್ರೆ ಪಕ್ಕದಲ್ಲೇ ಇದ್ದದ್ದು ಕಾಣಲಿಲ್ವಾ ನಿನಗೆ, ಅದನ್ನಾದ್ರೂ ಹೇಳು.

ಅವನು ಕುಳಿತ. ನನ್ನನ್ನು ತುಸು ಹೊತ್ತು ನೋಡಿದ. ಎಂದಿನಂತೆ, ಧಾನ್ಯ ನೋಡುವ ಹುಂಜದ ಹಾಗೆ ಮುಖ ಓರೆ ಮಾಡಿಕೊಂಡು. ಆಮೇಲೆ ನಕ್ಕ.

ಗಡಿಯಾರದವನು: ನನ್ನ ಎಡಗಣ್ಣು ರಜೆ ಮೇಲಿದೆ ಕಣೋ. ಎಂಟು ವರ್ಷ ಆಯ್ತು.

ನಾನು: ರಜಾ ಚೀಟಿ ಎಲ್ಲಿ? ಚೀಟಿ ಇಲ್ದೆ ನಾನು ಯಾರ ಮಾತೂ ನಂಬಲ್ಲ. ಶಾಲೆ ಮಕ್ಕಳನ್ನ ಕೇಳು ಬೇಕಾದ್ರೆ.

ಗಡಿಯಾರದವನು: ಚೀಟಿ ಮನೇಲಿದೆ.

ನಾನು: ಎಲ್ರೂ ಇದನ್ನೇ ಹೇಳೋದು.

ಮೂವರೂ ನಕ್ಕೆವು. ಅವನ ಕಸುಬು ನೋಡಿದವರಿಗೆ ಆ ಮಾತು ತಮಾಷೆಯಾಗಿಯೇ ಕೇಳುತ್ತಿತ್ತು. ದಿನವಿಡೀ ಬಲಗಣ್ಣಿಗೆ ಮಸೂರದ ಬಟ್ಟಲು ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿ, ಸಾಸಿವೆಗಿಂತ ಸಣ್ಣ ತಿರುಪು ಬಿಗಿಯುವವನು ಅವನು. ಎಡಗಣ್ಣಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಗಡಿಯಾರದವನು: ಮುಂದಿನ ವಾರ ಹೊಸದು ತರ್ತೀನಿ. ಒಂದೇ ಒಂದು ಷರತ್ತು. ಅದನ್ನ ನನ್ನ ಎಡಗಡೆ ಇಡಬೇಡ.

ನಾನು: ಯಾಕೆ?

ಗಡಿಯಾರದವನು: ಯಾಕೆ ಗೀಕೆ ಎಲ್ಲ ಬೇಡ. ಎಡಗಡೆ ಬೇಡ ಅಂದ್ರೆ ಬೇಡ.

ಕಾರಣ ಹೇಳದ ನಿಷೇಧಕ್ಕೆ ನನ್ನ ನಿಘಂಟಿನಲ್ಲಿ ಒಂದೇ ಹೆಸರು: ಮೂಢನಂಬಿಕೆ. ಅವನು ಹೋದ ಮೇಲೆ ಹೆಂಡತಿಗೆ ಒಂದು ಗಂಟೆ ಉಪನ್ಯಾಸ ಕೊಟ್ಟೆ. ಎಡ ಅಶುಭ, ಬಲ ಶುಭ ಎಂಬುದಕ್ಕೆ ಆಧಾರವಿಲ್ಲವೆಂದೂ, ಚಕ್ರ-ಹಲ್ಲುಗಳ ನಡುವೆ ಬದುಕುವವನೇ ಹೀಗಾದರೆ ಸಮಾಜದ ಗತಿಯೇನೆಂದೂ ಕೇಳಿದೆ. ಅವಳು ಹುರುಳಿ ಆರಿಸುತ್ತ, "ಅಣ್ಣ ಕಾಫಿ ಲೋಟ ಎತ್ತೋ ಮುಂಚೆ ಬೆರಳಲ್ಲಿ ಅಂಚು ಮುಟ್ಟಿ ನೋಡ್ತಾರೆ, ಗಮನಿಸಿದ್ದೀರಾ?" ಎಂದಳು. ಅದೂ ಒಂದು ನಂಬಿಕೆಯೇ ಇರಬೇಕು ಎಂದೆ.

ಮುಂದಿನ ಭಾನುವಾರ ಅವನು ಕೆಂಪು ಪ್ಲಾಸ್ಟಿಕ್ಕಿನ ಒಂದು ಮರಳುಗಡಿಯಾರ ತಂದ.

ನಾನು: ಇದು ಮೊಟ್ಟೆ ಬೇಯಿಸೋರು ಇಟ್ಕೊಳ್ಳೋದಲ್ವಾ?

ಗಡಿಯಾರದವನು: ನಿನ್ನ ಆಟಕ್ಕೆ ಇದು ಸಾಕು. ಅಂಗಡೀಲಿ ಹದಿನಾರು ಸಲ ತಿರುಗಿಸಿ ನೋಡಿದೀನಿ. ಮೂರು ನಿಮಿಷದ ಮೇಲೆ ನಾಲ್ಕು ಸೆಕೆಂಡು ಓಡುತ್ತೆ.

ನಾನು: ಆ ನಾಲ್ಕು ಸೆಕೆಂಡು ಯಾರಿಗೆ?

ಗಡಿಯಾರದವನು: ನನಗೆ. ಹೋದ ವಾರ ನೀನಾಡಿದ ಮಾತಿಗೆ ದಂಡ.

ಆಟ ಶುರುವಾಯಿತು. ಅವನು ನೀರು ಕುಡಿಯಲು ಒಳಗೆ ಹೋದಾಗ, ಸಮಾಜದ ಹಿತದೃಷ್ಟಿಯಿಂದ, ನಾನು ಕೆಂಪು ಗಡಿಯಾರವನ್ನು ಅವನ ಎಡಗಡೆಗೆ ಸರಿಸಿಟ್ಟೆ. ಏನೂ ಆಗದೆ ಒಂದು ಆಟ ಮುಗಿದರೆ, "ನೋಡಿದ್ಯಾ?" ಎಂದು ಕೇಳಬೇಕೆಂಬುದು ನನ್ನ ಪ್ರಯೋಗದ ವಿನ್ಯಾಸ. ಅವನು ಬಂದು ಕುಳಿತ. ಒಂಟೆ ನಡೆಸಿದ. ಎಡಗೈ ಆಟ ನೋಡಲು ಬಂತು.

ಕೆಂಪು ಗಡಿಯಾರ ಕೆಳಗೆ ಬಿದ್ದು, ಒಳಗಿನ ಗಾಜು ಠಳ್ಳೆಂದು ಒಡೆಯಿತು.

ಗಡಿಯಾರದವನು: ಯಾರು ಇಟ್ಟಿದ್ದು ಇಲ್ಲಿ?

ನಾನು: ನೋಡಿದ್ಯಾ! ನಿನ್ನ ನಂಬಿಕೆನೇ ನಿನ್ನ ಕೈನ ತಳ್ಳಿದ್ದು.

ಗಡಿಯಾರದವನು: ನಂಬಿಕೆ? ಎಂಥ ನಂಬಿಕೆ?

ನಾನು: ಎಡಗಡೆ ಅಶುಭ ಅಂತ.

ಅವನು ಬಾಯಿ ತೆರೆದು ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದ. ನಗು ನಿಲ್ಲಲೇ ಇಲ್ಲ, ಕಣ್ಣೊರೆಸಿಕೊಂಡ, ಎರಡನ್ನೂ.

ಗಡಿಯಾರದವನು: ಸರಿ ಕಣಯ್ಯ. ನಂಬಿಕೆ ಅಂತಲೇ ಇಟ್ಕೋ. ಈಗ ಹೇಳು, ಈ ಸಲದ ದಂಡ ಯಾರದು? ಬೇಡ ಅಂದ ಜಾಗದಲ್ಲಿ, ಬೇಕು ಅಂತಲೇ ಇಟ್ಟೋನು ಯಾರು?

ನಾನು: ಅದು... ಪ್ರಯೋಗ.

ಗಡಿಯಾರದವನು: ಪ್ರಯೋಗದ ಖರ್ಚು ಪ್ರಯೋಗ ಮಾಡಿದೋನದೇ ಅಲ್ವಾ? ನೀನೇ ಪಾಠ ಮಾಡ್ತೀಯಲ್ಲ.

ಹೆಂಡತಿ: ಇವರದೇ ಅಣ್ಣಾ. ನಾನು ಸಾಕ್ಷಿ ಹೇಳ್ತೀನಿ.

ಮೂರನೆಯದನ್ನು ನಾನೇ ತಂದೆ. ಅಂದು ಹೆಂಡತಿ ನಮ್ಮಿಬ್ಬರನ್ನೂ ಎಬ್ಬಿಸಿ, ಮೇಜನ್ನು ಗೋಡೆಗೆ ತಳ್ಳಿ, ಅವನ ಕುರ್ಚಿಯನ್ನು ಎಡಬದಿ ಗೋಡೆಗೆ ತಾಗುವಂತೆ ಇಟ್ಟಳು.

ನಾನು: ಇದ್ಯಾಕೆ ಈಗ?

ಹೆಂಡತಿ: ಈ ಕಡೆ ಗಾಳಿ ಚೆನ್ನಾಗಿ ಬರುತ್ತೆ. ಅಣ್ಣಾ, ನೀವು ಗೋಡೆ ಪಕ್ಕ ಕೂತ್ಕೊಳ್ಳಿ.

ಅವನು ಅವಳನ್ನೊಮ್ಮೆ ನೋಡಿ, ತಲೆಯಾಡಿಸಿ, ಕುಳಿತ. ಅಲ್ಲಿಂದ ಮುಂದೆ ಮೂರು ವರ್ಷ ನಮ್ಮ ಮನೆಯಲ್ಲಿ ಏನೂ ಒಡೆಯಲಿಲ್ಲ. ಎರಡು ಘಟನೆಗಳಿಂದ ಯಾವ ತೀರ್ಮಾನಕ್ಕೂ ಬರಬಾರದು, ಅವು ಬರೀ ಆಕಸ್ಮಿಕ ಎಂದು ನಾನು ಆಗಾಗ ವಿವರಿಸುತ್ತಿದ್ದೆ. ಅವನು ಪ್ರತಿಸಲವೂ ಬಹಳ ಶ್ರದ್ಧೆಯಿಂದ ಕೇಳುತ್ತಿದ್ದ. ಮರಳು ಮುಗಿದದ್ದನ್ನೂ ಗಮನಿಸದೆ ನಾನು ಮಾತಿಗೆ ಬಿದ್ದರೆ ಅವನಿಗೆ ಯೋಚಿಸಲು ಸಮಯ ಸಿಗುತ್ತಿತ್ತು.

ಕಳೆದ ವರ್ಷ ಒಂದು ಬುಧವಾರ, ಅಂಗಡಿಯ ಮೇಜಿಗೆ ಒರಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಮುಂದಿದ್ದ ಕೈಗಡಿಯಾರ ಓಡುತ್ತಿತ್ತಂತೆ.

ತಿಂಗಳಾದ ಮೇಲೆ ಅಂಗಡಿ ಖಾಲಿ ಮಾಡಿದ ಅವನ ಮಗಳು ನಮ್ಮ ಮನೆಗೆ ಬಂದಳು. ಮಸೂರದ ಬಟ್ಟಲನ್ನು ನನ್ನ ಕೈಗಿಟ್ಟು, ಜೊತೆಗೊಂದು ಮಾಸಿದ ಚೀಟಿ ಕೊಟ್ಟಳು.

ಮಗಳು: ಇದು ನಿಮಗೆ ಸೇರಬೇಕು ಅಂತ ಮನೆ ಡ್ರಾಯರ್‌ನಲ್ಲಿ ಬರೆದಿಟ್ಟಿದ್ರು, ಚಿಕ್ಕಪ್ಪಾ. ಯಾಕೆ ಅಂತ ನಮಗೂ ಗೊತ್ತಾಗಲಿಲ್ಲ.

ಕಣ್ಣಿನ ಡಾಕ್ಟರರ ಚೀಟಿ. ಎಡಗಣ್ಣಿನ ದೃಷ್ಟಿ ಪೂರ್ತಿ ಹೋಗಿದೆ, ಮರಳಿ ಬರುವುದಿಲ್ಲ ಎಂದಿತ್ತು. ಮೇಲಿದ್ದ ತಾರೀಕು ನೋಡಿದೆ. ಮೊದಲ ಗಡಿಯಾರ ಒಡೆದ ಭಾನುವಾರದಿಂದ ಹಿಂದಕ್ಕೆ ಎಣಿಸಿದೆ. ಸರಿಯಾಗಿ ಎಂಟು ವರ್ಷ.

ನಾನು: ಯಾರಿಗೂ ಯಾಕೆ ಹೇಳಲಿಲ್ಲಮ್ಮ ಇವನು?

ಮಗಳು: ಹೇಳಿದ್ರೆ ಕಸುಬು ಹೋಗುತ್ತೆ ಅಂತ ಭಯ, ಚಿಕ್ಕಪ್ಪಾ. "ಗಡಿಯಾರಕ್ಕೆ ಒಂದು ಕಣ್ಣು ಸಾಕು, ಗಿರಾಕಿಗೆ ಎರಡು ಬೇಕು" ಅಂತಿದ್ರು. ನಮ್ಮ ಬಾಯಿಗೂ ಬೀಗ ಹಾಕಿದ್ರು. ಹೊರಗೆ ಒಬ್ಬನಿಗೆ ಮಾತ್ರ ಹೇಳಿಬಿಟ್ಟಿದ್ದೀನಿ ಅಂದಿದ್ರು. ಅಯ್ಯೋ, ಅವರು ಯಾರಿಗಾದ್ರೂ ಹೇಳಿಬಿಟ್ರೆ ಅಂತ ಅಮ್ಮ ಗಾಬರಿಯಾದ್ರು.

ನಾನು: ಅದಕ್ಕೆ ಏನಂದ?

ಮಗಳು: "ಹೆದರಬೇಡ, ಅವನು ವಿಜ್ಞಾನ ಓದಿದೋನು. ಮುಖಕ್ಕೆ ಮುಖ ಕೊಟ್ಟು ಹೇಳಿದ್ದೀನಿ, ಅವನೇ ನಂಬಿಲ್ಲ" ಅಂದ್ರು.