ಕಪ್ಪು ಪೈಪೆಲ್ಲ ಒಂದೇ ಎಂದವಳು

ಪಟ್… ಪಟ್… ಪುಸ್ಸ್! ನಮ್ಮ ಜೀಪು ಕೊನೆಯುಸಿರೆಳೆದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕೆ ಚಿಕಿತ್ಸೆ ಮಾಡಿದ್ದ ಡಾಕ್ಟರು ನಾನೇ!

ಅಂದು ಯಜಮಾನರನ್ನು ಕಳಸದ ನಮ್ಮ ಎಸ್ಟೇಟಿನಿಂದ ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಾರ್ಟ್ ಆಪರೇಷನ್, ಮಧ್ಯಾಹ್ನದೊಳಗೆ ಅಡ್ಮಿಟ್ ಆಗಬೇಕು. ಹೊರಡುವಾಗ ನೋಡಿದರೆ ಜೀಪಿನ ಡೀಸೆಲ್ ಪೈಪು ಬಿರುಕುಬಿಟ್ಟು ತೊಟ್ಟಿಕ್ಕುತ್ತಿದೆ. ಮೂಡಿಗೆರೆಯಿಂದ ಮೆಕ್ಯಾನಿಕ್ ಬರಲೆಂದು ಕಾಯುವುದೇ? ಕಾನ್ವೆಂಟಿನಲ್ಲಿ ಸೈನ್ಸ್ ಪ್ರೈಜ್ ಗೆದ್ದವಳು ನಾನು!

ಯಜಮಾನರು ಕುರ್ಚಿಯಿಂದಲೇ ಕೂಗಿದರು. ಕುದುರೆಮುಖದ ಗಣಿ ನಿಲ್ಲುವವರೆಗೂ ಅಲ್ಲಿನ ಪಂಪುಗಳ ಸೀಲು, ಗ್ಯಾಸ್ಕೆಟ್ಟು ನೋಡಿಕೊಂಡಿದ್ದವರು, ರಬ್ಬರೆಂದರೆ ಪ್ರಾಣ.

"ಮಾರಾಯ್ತಿ, ನನ್ನ ಡಬ್ಬಿಯಲ್ಲಿ ನೈಟ್ರೈಲ್ ಪೈಪಿದೆ. ಅದನ್ನೇ ಹಾಕು."

ಆ ಪೈಪು ಧೂಳು ಹಿಡಿದು ಮಂಕಾಗಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ನೀರು ಬಿಡಲೆಂದು ತಂದ ಹೊಸ ಪೈಪೋ, ಪಾಲಿಶ್ ಮಾಡಿದ ಶೂನಂತೆ ಹೊಳೆಯುತ್ತಿತ್ತು. ಕಪ್ಪು ಪೈಪೆಲ್ಲ ಒಂದೇ! ಅದರಿಂದಲೇ ಒಂದು ತುಂಡು ಕತ್ತರಿಸಿದೆ, ಸಿಕ್ಕಿಸಿದೆ, ಕ್ಲಿಪ್ ಬಿಗಿದೆ.

"ಹಾಕಿದ್ಯಾ?"

"ಪರ್ಫೆಕ್ಟ್!"

ಕೊಟ್ಟಿಗೆಹಾರ ಇನ್ನೂ ದೂರವಿರುವಾಗಲೇ ಪುಸ್ಸ್. ಬಾನೆಟ್ ಎತ್ತಿದರೆ ನನ್ನ ಪೈಪು ಬೆಂದ ಕೆಸುವಿನ ದಂಟಿನಂತೆ ಊದಿ, ಮೆತ್ತಗಾಗಿ, ಕಳಚಿ ಬಿದ್ದಿತ್ತು. ಯಜಮಾನರು ಎದೆ ಹಿಡಿದುಕೊಂಡು ಇಳಿದು ಬಂದು ಅದನ್ನು ಹಿಚುಕಿದರು.

"ಇದು ಪಲ್ಪರ್ ಪೈಪಲ್ವೇನೆ?"

"ಹೊಸದಿತ್ತು… ನೋಡೋಕೆ ಚೆನ್ನಾಗಿತ್ತು."

"ಸೀರೆ ಆರಿಸಿದ ಹಾಗೆ ಆರಿಸಿದ್ದೀಯಲ್ಲ! ಇದು ಇಪಿಡಿಎಂ ರಬ್ಬರು. ಬಿಸಿಲು, ಮಳೆ, ಬಿಸಿನೀರು ಎಲ್ಲ ತಡೀತದೆ, ಡೀಸೆಲ್ ಕುಡಿದ್ರೆ ಊದ್ತದೆ. ನೈಟ್ರೈಲ್ ಎಣ್ಣೆಗೆ ಜಗ್ಗಲ್ಲ. ಅದಕ್ಕೇ ಇಂಜಿನ್ ಸೀಲಿಗೆ, ಪೆಟ್ರೋಲ್ ಬಂಕಿನ ಪೈಪಿಗೆ ಅದೇ ಬೇಕು. ಬಿಸಿಲಲ್ಲಿಟ್ರೆ ಬಿರೀತದೆ, ಅದೊಂದೇ ವೀಕ್‌ನೆಸ್…"

"ರೀ, ಮಾತಾಡ್ಬೇಡಿ. ಉಸಿರು ಸಿಕ್ತಿಲ್ಲ ನಿಮಗೆ."

"ಕ್ಲಾಸ್ ಅರ್ಧಕ್ಕೆ ಬಿಡ್ಲಾ?"

ಅಷ್ಟರಲ್ಲಿ ಕಾಫಿ ಮೂಟೆಯ ಲಾರಿಯೊಂದು ಬಂತು. ಡ್ರೈವರ್ ತಲೆ ಹೊರಗೆ ಹಾಕಿದ. "ಜೀಪ್ ಇಲ್ಲೇ ಇರ್ಲಿ ಅಮ್ಮಾ, ಸಾಹೇಬ್ರನ್ನ ಹತ್ತಿಸಿ!" ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೊರಟ ಮಾಲಿನ ಜೊತೆ ನಾವೂ ಎರಡು ಮೂಟೆಗಳಾಗಿ ಚಿಕ್ಕಮಗಳೂರು ಸೇರಿದೆವು. ತಡವಾಗಿದ್ದರಿಂದ ವ್ಯತ್ಯಾಸವೇನೂ ಆಗಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಮಾತನ್ನು ಇವತ್ತಿಗೂ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಥಿಯೇಟರಿನ ಬಾಗಿಲಲ್ಲಿ, ಸ್ಟ್ರೆಚರ್ ಮೇಲೆ ಮಲಗಿಯೇ ಅವರು ನರ್ಸಮ್ಮನ ನೀಲಿ ಗ್ಲೌಸಿನ ತುದಿ ಹಿಡಿದೆಳೆದರು.

"ನೋಡೇ ಇಲ್ಲಿ, ಇದೂ ನೈಟ್ರೈಲೇ!"

ನಾನು ಫಸ್ಟ್ ಬೆಂಚಿನ ಹುಡುಗಿಯಂತೆ ಬಗ್ಗಿ ನೋಡಿದೆ. ತಲೆಯೆತ್ತುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವರು ಜೀವಂತವಾಗಿ ಹೊರಬರಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲೇ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ನಾನು ನೋಡುತ್ತಿದ್ದುದು ಗ್ಲೌಸನ್ನು. ಸೈನ್ಸ್ ಪ್ರೈಜ್ ಸುಮ್ಮನೆ ಕೊಟ್ಟಾರೇ!